ನಂಜಿ ಎಂದರೆ ಓಗೊಡಬೇಡಿ

ಜೂನ್ 10, ಮಂಗಳವಾರ

ಶತ್ರು ಮನೆಯೊಳಗೇ ಇದ್ದಾನೆ. ಬಾಣಂತಿ ಕೋಣೆಯಲ್ಲಿ ನಿಂತು ಸೊಳ್ಳೆಪರದೆ ಕಟ್ಟುತ್ತಿದ್ದಾನೆ.

ಮಗುವಿಗೆ ಇವತ್ತು ಇಪ್ಪತ್ತೊಂದು ದಿನ. ಅಳಿಯ ಪ್ರದ್ಯುಮ್ನ ಸರಸ್ವತಿಪುರಂನಿಂದ ಬಂದವನು ಕಾಫಿ ಮುಗಿಸಿ, ಲೋಟ ಕೆಳಗಿಟ್ಟು, "ಅತ್ತೆ, ಹೆಸರು ಡಿಸೈಡ್ ಮಾಡಿದ್ವಿ" ಎಂದ. ಮಗಳು ದಿವ್ಯ ಹೊದಿಕೆಯೊಳಗೇ ಮುಸಿಮುಸಿ ನಗುತ್ತಿದ್ದಳು. ನಾನು ಸೂಚಿಸಿದ್ದ ಸಮತಾ ಇರಬಹುದು, ಇಲ್ಲವೇ ಬೀಗಿತ್ತಿ ಚಂದ್ರಮತಿಯವರ ಒತ್ತಡಕ್ಕೆ ಮಣಿದು ಯಾವುದೋ ದೇವಿಯ ಹೆಸರಿರಬಹುದು ಎಂದು ಎರಡಕ್ಕೂ ಸಿದ್ಧಳಾಗಿದ್ದೆ.

"ನಂಜಿ" ಎಂದ.

"ಮನೇಲಿ ಕರೆಯೋಕಾ?"

"ಇಲ್ಲ ಅತ್ತೆ, ಬರ್ತ್ ಸರ್ಟಿಫಿಕೇಟ್‌ಗೇ. ನಂಜಿ ಪ್ರದ್ಯುಮ್ನ. ನಿಮ್ಮ ಹೆಸರೇ ಇಡ್ತಿದೀವಿ."

ನನ್ನ ಹೆಸರು ಶಿವನಂಜಮ್ಮ. ನಿವೃತ್ತ ಮುಖ್ಯೋಪಾಧ್ಯಾಯಿನಿ. ಇದನ್ನು ನನ್ನದೇ ಡೈರಿಯಲ್ಲಿ ನನಗೇ ಹೇಳಿಕೊಳ್ಳಬೇಕಾದ ಕಾಲ ಬಂದಿದೆ. ನಂಜಿ ನನ್ನ ಹೆಸರಲ್ಲ, ನನ್ನ ಮೇಲೆ ಎಸೆದ ಹೆಸರು. ನಮ್ಮೂರಿನಲ್ಲಿ ಪಟೇಲರ ಮನೆಯ ಮೂರು ತಿಂಗಳ ಕೂಸು ‘ನಂಜಮ್ಮಣ್ಣಿಯವರು’. ಆ ಕೂಸಿನ ಬಟ್ಟೆ ಒಗೆಯುತ್ತಿದ್ದ ನನ್ನ ಅವ್ವ ‘ಸಿದ್ದಿ’, ಅವಳ ಮಗಳು ‘ನಂಜಿ’. ತೊಟ್ಟಿಲಲ್ಲಿ ಉಚ್ಚೆ ಹೊಯ್ದವರಿಗೆ ಬಹುವಚನ, ಅದನ್ನು ಒಗೆದವರಿಗೆ ಅರ್ಧ ಹೆಸರು.

ನನಗೆ ಇಪ್ಪತ್ತು ತುಂಬಿದ ವರ್ಷ ಚಳವಳಿ ನಮ್ಮೂರಿಗೂ ಬಂತು. ಗದ್ದೆ ಕೆಲಸದ ಮೂವತ್ತಾರು ಮನೆಯವರು ಸೇರಿ ತೀರ್ಮಾನಿಸಿದೆವು: ಪೂರ್ತಿ ಹೆಸರು ಹಿಡಿದು ಕೂಗದಿದ್ದರೆ ಓಗೊಡುವುದಿಲ್ಲ. ಹನ್ನೊಂದು ದಿನ ಪಟೇಲರು "ಲೇ ನಂಜಿ, ಲೇ ಕರಿಯ" ಎಂದು ಗಂಟಲು ಹರಿದುಕೊಂಡರು. ಒಂದು ತಲೆಯೂ ತಿರುಗಲಿಲ್ಲ. ನಾಟಿಗೆ ಬಂದ ಪೈರು ಮಡಿಯಲ್ಲೇ ಬಲಿಯುತ್ತಿತ್ತು. ಹನ್ನೆರಡನೆಯ ದಿನ ಅವರು ಬದುವಿನ ಮೇಲೆ ನಿಂತು, ಬೇವಿನ ಕಷಾಯ ಕುಡಿದ ಮುಖ ಮಾಡಿಕೊಂಡು, "ನಂಜಮ್ಮ, ಬಾಮ್ಮ" ಎಂದರು. ಆ ಒಂದು ‘ಅಮ್ಮ’ಕ್ಕಾಗಿ ಮೂವತ್ತಾರು ಮನೆ ಹನ್ನೊಂದು ದಿನ ಗಂಜಿ ಕುಡಿದಿದ್ದವು. ಅದನ್ನು ಈ ಹುಡುಗ ಒಂದು ಲೋಟ ಕಾಫಿಯಲ್ಲಿ ಕಿತ್ತುಹಾಕಿದ.

"ಈಗ ಎಲ್ಲರೂ ಹಳೇ ಮುದ್ದು ಹೆಸರೇ ಇಡೋದು ಅತ್ತೆ. ನಮ್ಮ ನಿರಂಜನ್ ಮಗನ ಹೆಸರು ಗುಂಡ. ಸ್ಕೂಲಲ್ಲೂ ಗುಂಡನೇ. ಅನನ್ಯ ಅಂತ ಇಟ್ಟರೆ ಒಂದು ಕ್ಲಾಸಲ್ಲಿ ಐದು ಜನ ಅನನ್ಯ ಇರ್ತಾರೆ."

ಇವನು ಆರ್ಕಿಟೆಕ್ಟ್. ಶ್ರೀಮಂತರಿಗೆ ಮಣ್ಣಿನ ಗೋಡೆಯ ಮನೆ ಕಟ್ಟಿಸಿಕೊಡುತ್ತಾನೆ. ಮಣ್ಣಿನ ಗೋಡೆಯಿಂದ ಹೊರಬರಲು ನಾವು ಮೂರು ತಲೆಮಾರು ಒದ್ದಾಡಿದೆವು. ಇವನು ಜನರನ್ನು ವಾಪಸು ಒಳಗೆ ಕಳಿಸುತ್ತಾನೆ, ಅದಕ್ಕೆ ನಕ್ಷೆ ಬೇರೆ.

ಜೂನ್ 12, ಗುರುವಾರ

ಹೋರಾಟದ ರೂಪುರೇಷೆ ಸಿದ್ಧ. ಮೊದಲ ಹಂತ ಮನವಿ. ಎರಡನೆಯದು ಕರಪತ್ರ. ಮೂರನೆಯದು ಅಸಹಕಾರ. ಅಸಹಕಾರದಲ್ಲಿ ಮಗುವಿನ ಬಟ್ಟೆ ಒಗೆಯುವುದು ಸೇರುವುದಿಲ್ಲ, ಮಗು ಮುಗ್ಧ. ಬಾಣಂತಿಯ ಊಟವೂ ಸೇರುವುದಿಲ್ಲ. ಅಳಿಯನ ಕಾಫಿ ಸೇರುತ್ತದೆ.

ಜೂನ್ 14, ಶನಿವಾರ

ಕರಪತ್ರವನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದೆ. ‘ಅವಮಾನವನ್ನು ಆಭರಣ ಮಾಡಿಕೊಳ್ಳುವ ಹುನ್ನಾರಕ್ಕೆ ಧಿಕ್ಕಾರ. ಉಳ್ಳವರಿಗೆ ಹರಿದ ಪ್ಯಾಂಟು ಫ್ಯಾಷನ್ನು, ಇಲ್ಲದವರಿಗೆ ಅದೊಂದೇ ಪ್ಯಾಂಟು. ಹೆಸರೂ ಹಾಗೆಯೇ.’

ನನ್ನ ಗಂಡ ಕನ್ನಡಕ ಏರಿಸಿ ಪೂರ್ತಿ ಓದಿದರು. ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿದ್ದವರು, ಏನೇ ಕೈಗೆ ಬಂದರೂ ಹಿಂದೆ ಮುಂದೆ ತಿರುಗಿಸಿ ನೋಡದೆ ಬಿಡುವುದಿಲ್ಲ.

"ಚೆನ್ನಾಗದೆ ಶಿವನಂಜಮ್ಮ. ಒಂದು ಡೌಟು. ನನ್ನ ಹೆಸರು ಏನು?"

"ಮಹದೇವು."

"ಸರ್ವೀಸ್ ರಿಜಿಸ್ಟರ್‌ನಲ್ಲಿ ಮಹದೇವಯ್ಯ ಅಂತದೆ. ಪೂರ್ತಿ ಹೆಸರಲ್ಲೇ ಕರೀಬೇಕು ಅಂತ ಮದುವೆಗೆ ಮುಂಚೆ ನಿನ್ನ ಷರತ್ತು ಇತ್ತಲ್ಲ, ನಲವತ್ತು ವರ್ಷದಿಂದ ನಾನು ನಡೆಸ್ಕೊಂಡು ಬಂದಿದೀನಿ. ನನ್ನ ಅಯ್ಯ ಎಲ್ಲೋದ?"

ಇದು ವಿಷಯಾಂತರ.

ದಿವ್ಯಳದು ಇನ್ನೊಂದು ವರಸೆ. "ಅಮ್ಮ, ನೀನು ನನಗೆ ಇಡೋಕೆ ಹೊರಟಿದ್ದ ಹೆಸರು ಹೋರಾಟ. ಅಪ್ಪ ಬೆಳಗ್ಗೆ ಫಸ್ಟ್ ಬಸ್ಸಿಗೆ ಹೋಗಿ ದಿವ್ಯ ಅಂತ ಬರೆಸಿ ಬಂದ್ರು. ಇಲ್ಲಾಂದ್ರೆ ನನ್ನ ಮದುವೆ ಪತ್ರಿಕೇಲಿ ಹೋರಾಟ ವೆಡ್ಸ್ ಪ್ರದ್ಯುಮ್ನ ಅಂತ ಇರ್ತಿತ್ತು."

ಮಗುವಿಗೆ ನೀರು ಹಾಕಲು ಬರುವ ಕೆಂಪಮ್ಮ ಬಚ್ಚಲಿನಿಂದಲೇ ನಕ್ಕಳು. ಶ್ರಮಜೀವಿಗಳೂ ನಗುತ್ತಾರೆಂದರೆ ಜಾಗೃತಿಯ ಕೆಲಸ ಬಹಳ ಬಾಕಿ ಇದೆ.

ಕರಪತ್ರದಲ್ಲಿ ಹಾಕದ ಒಂದು ಸಂಗತಿ. ಅವ್ವನೂ ನನ್ನನ್ನು ನಂಜಿ ಎಂದೇ ಕರೆಯುತ್ತಿದ್ದಳು. ಪಟೇಲರು ‘ನಂಜಿ’ ಎಂದರೆ ಸಗಣಿ ಬಾಚಲಿಕ್ಕೆ, ಅವ್ವ ‘ನಂಜೀ’ ಎಂದರೆ ಮುದ್ದೆ ಆಗಿದೆ ಎಂದು. ಕರಪತ್ರದಲ್ಲಿ ಎರಡೂ ಕಡೆಯ ಮಾತು ಬರಬಾರದು, ಅದು ಸಂಘಟನೆಯ ಮೊದಲ ಪಾಠ.

ಜೂನ್ 20, ಶುಕ್ರವಾರ

ಚಂದ್ರಮತಿಯವರು ಬಂದಿದ್ದರು. ಅವರ ಮುತ್ತಾತ ಅರಮನೆಯ ಕಚೇರಿಯಲ್ಲಿ ಲೆಕ್ಕಿಗರು. ಅರಮನೆ ಹೋಗಿ ಎಷ್ಟು ಕಾಲವಾಯಿತು, ಆ ಗತ್ತು ಇನ್ನೂ ಆಟೋದಿಂದ ಇಳಿಯುವಾಗ ಕಾಣುತ್ತದೆ.

"ಶಿವನಂಜಮ್ಮನವರೇ, ಈ ವಿಷಯದಲ್ಲಿ ನಾವಿಬ್ಬರೂ ಒಂದೇ" ಎಂದರು.

ವರ್ಗಶತ್ರುವಿನೊಂದಿಗೆ ಐಕ್ಯರಂಗ. ಇತಿಹಾಸದಲ್ಲಿ ಇಂಥವು ಆಗಿವೆ. ಅವರದು ವಾಗ್ದೇವಿ, ನನ್ನದು ಸಮತಾ. ಅದನ್ನು ಆಮೇಲೆ ಬಗೆಹರಿಸೋಣ, ಮೊದಲು ಸಮಾನ ಶತ್ರುವನ್ನು ಮಣಿಸೋಣ ಎಂದು ಚಕ್ಕುಲಿ ತಿನ್ನುತ್ತ ಒಪ್ಪಂದವಾಯಿತು. ಅಷ್ಟಕ್ಕೇ ಅವರು ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ನಮ್ಮ ತಾಯಿಯ ಮನೇಲಿ ಮುಸುರೆ ತಿಕ್ಕೋಕೆ ನಂಜಿ ಅಂತ ಒಬ್ಬಳು ಬರ್ತಿದ್ದಳು. ಅದೇ ಹೆಸರನ್ನ ಮೊಮ್ಮಗಳಿಗೆ ಇಟ್ಟು ನಾಲ್ಕು ಜನದ ಎದುರಿಗೆ ಕರೆಯೋದು ಹೇಗೆ, ಹೇಳಿ."

"ಎಷ್ಟು ವರ್ಷ ಬರ್ತಿದ್ದರು?"

"ಹದಿನೆಂಟು ವರ್ಷ ಬಂದಳು."

"ಅವರ ಪೂರ್ತಿ ಹೆಸರು?"

ಚಂದ್ರಮತಿಯವರು ಚಕ್ಕುಲಿಯನ್ನು ತಟ್ಟೆಗೆ ಇಟ್ಟರು. "ಅದು ಯಾರಿಗೂ ಗೊತ್ತಿರಲಿಲ್ಲ."

"ಹದಿನೆಂಟು ವರ್ಷ ನಿಮ್ಮ ಎಂಜಲು ತೊಳೆದೋರು. ನಂಜಿ ಅನ್ನೋ ಹೆಸರಿಗೆ ಎಲ್ಲಿಂದ ಬಂತು ಕೊಳೆ, ಚಂದ್ರಮತಿಯವರೇ? ಮುಸುರೆ ನಿಮ್ಮದು. ಆ ಹೆಸರಿಗೆ ಏನು ಕಡಿಮೆ? ಎರಡಕ್ಷರ, ಬಾಯಿ ತುಂಬ ಬರುತ್ತೆ, ಊರೆಲ್ಲ ಕೇಳುತ್ತೆ. ನಂಜುಂಡನ ಹೆಸರು."

ಒಳಗಿನಿಂದ ಗಂಡ ಕೇಳಿದರು: "ಶಿವನಂಜಮ್ಮ, ನೀನೀಗ ಯಾವ ಪಕ್ಷ?"

ಚಂದ್ರಮತಿಯವರು ಆಟೋ ಹತ್ತಿ ಹೊರಟರು. ಐಕ್ಯರಂಗ ಮುರಿದುಬಿತ್ತು. ಆಯುಷ್ಯ ಹನ್ನೆರಡು ನಿಮಿಷ.

ಜೂನ್ 21, ಶನಿವಾರ

ನಿನ್ನೆ ಹೇಳಿದ್ದು ವಾದಕ್ಕಾಗಿ. ನಿಲುವಿನಲ್ಲಿ ಬದಲಾವಣೆ ಇಲ್ಲ.

ಜುಲೈ 1, ಮಂಗಳವಾರ

ಕೆಂಪಮ್ಮ ಇವತ್ತು ಕಾಲು ಚಾಚಿ ಕುಳಿತು, ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ನೀವುತ್ತಾ, "ಏನವ್ವ ನಂಜಿ, ಎಂಗದೆ ನೀರು, ಸುಡ್ತದಾ" ಎನ್ನುತ್ತಿದ್ದಳು. ಮಗು ಬಾಯಿ ಅಗಲಿಸಿತು.

"ಕೆಂಪಮ್ಮ, ಆ ಹೆಸರು ಹಿಡಿದು ಕರೀಬೇಡ. ಅಭ್ಯಾಸ ಆಗಿಬಿಡುತ್ತೆ."

"ಮೇಡಂ, ಒಂದ್ ಮಾತ್ ಕೇಳ್ತೀನಿ. ನಾನ್ಯಾರು ಅಂತ ನಿಮ್ಗೆ ಇನ್ನೂ ಗೊತ್ತಾಗ್ನಿಲ್ವಾ?"

"ಯಾರು?"

"ನಾನು ವಿಮೋಚನಾ ಕಣ್ರೀ."

ತಂಬಿಗೆ ನನ್ನ ಕೈಯಲ್ಲೇ ಉಳಿಯಿತು. ರಿಂಗ್ ರಸ್ತೆಯಾಚೆ, ಈಗ ಬಡಾವಣೆಗಳು ನುಂಗಿದ ಹಳ್ಳಿಯ ಶಾಲೆಯಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತು. 1986. ಒಂದನೇ ತರಗತಿಗೆ ಸೇರಿಸಲು ಬಂದ ಅಪ್ಪಂದಿರು ಕರಿಯ, ಮಾದಿ, ಕೆಂಪಿ ಎಂದು ಹೇಳುತ್ತಿದ್ದರು. ನಾನು ಬರೆಯಲಿಲ್ಲ. ಚಳವಳಿಯ ಶಿಬಿರದಲ್ಲಿ ನಾವೇ ಕೂತು ತಯಾರಿಸಿದ್ದ ಹೆಸರುಗಳ ಪಟ್ಟಿ ಮೇಜಿನ ಖಾನೆಯಲ್ಲಿತ್ತು. ಆ ವರ್ಷ ಹದಿನಾಲ್ಕು ಮಕ್ಕಳಿಗೆ ಹೊಸ ಹೆಸರು ಕೊಟ್ಟೆ. ಕ್ರಾಂತಿ, ಪ್ರಗತಿ, ಚೇತನ, ವಿಮೋಚನಾ. ಭಾಷಣಗಳಲ್ಲಿ ಈಗಲೂ ಹೇಳಿಕೊಳ್ಳುತ್ತೇನೆ.

"ನೀವು ಬೆಳಿಗ್ಗೆ ಹಾಜರಿ ಕೂಗೋರು. ವಿಮೋಚನಾ, ವಿಮೋಚನಾ ಅಂತ ಎರಡ್ ಸಲ. ಯಾವ್ ಹೆಣ್ಣೋ ಪಾಪ, ದಿನಾ ಚಕ್ಕರ್ ಹೊಡೀತದಲ್ಲ ಅಂತ ನಾನೂವೆ ಸುತ್ತ ನೋಡ್ತಿದ್ದೆ."

ಕೋಣೆಯೊಳಗಿಂದ ದಿವ್ಯ ಎದ್ದು ಬಂದಳು.

"ಆಮೇಲೆ ಒಂದಿನ ನೀವೇ ನಮ್ಮಟ್ಟಿಗೆ ಬಂದ್ರಿ. ನಿಮ್ಮ ಮಗಳು ಎಂಟು ದಿನದಿಂದ ಸ್ಕೂಲಿಗೆ ಬಂದಿಲ್ಲ ಅಂದ್ರಿ. ಅಪ್ಪನೇ ದಿನಾ ಬುಟ್ಟು ಬತ್ತಿದ್ದ. ಎಲ್ಲೋಗಿದ್ಯೇ ಅಂತ ಹುಣಸೆ ಬರಲಲ್ಲಿ ಬಿಟ್ಟ ನೋಡಿ. ನಿಮ್ಮ ಮುಂದ್ಗಡೆನೇ ಕೂತಿದ್ದೆ ಎಂಟು ದಿನವೂ."

ಎಪ್ಪತ್ತೆರಡು ಮಕ್ಕಳು. ಮುಖ ಪರಿಚಯವಾಗಿರಲಿಲ್ಲ. ಆದರೂ ಕೇಳಿದೆ: "ನಾನೇ ಅಂತ ಹೇಳಬಾರದಿತ್ತಾ?"

"ನೀವೇ ಕಲಿಸಿದ್ರಲ್ಲ ಮೇಡಂ. ಮೊದಲ್ನೇ ದಿನವೇ ಪಟೇಲರ ಕಥೆ ಹೇಳಿದ್ರಿ, ಹನ್ನೊಂದು ದಿನ ಓಗೊಡದೆ ಕೂತಿದ್ದು. ನಮ್ದಲ್ದ ಹೆಸರು ಹಿಡಿದು ಯಾರೇ ಕೂಗ್ಲಿ, ತಿರುಗ್ಬೇಡಿ ಅಂದ್ರಿ. ತಿರುಗ್ನಿಲ್ಲ."

ದಿವ್ಯ ಬಾಗಿಲು ಹಿಡಿದುಕೊಂಡು, "ಅಯ್ಯೋ ಸಾಕು, ನನ್ನ ಹೊಲಿಗೆ ಬಿಚ್ಚಿಹೋಗುತ್ತೆ" ಎಂದು ನಕ್ಕಳು. ಕೆಂಪಮ್ಮನೂ ನಕ್ಕಳು. ಮಗುವಿನ ತಲೆಗೆ ನೀರು ಹೊಯ್ಯುವುದು ಬಿಟ್ಟು ನಾನು ನನ್ನ ಕಾಲ ಮೇಲೆ ಹೊಯ್ದುಕೊಂಡೆ.

ಇವತ್ತಿಗೆ ಸಾಕು.

ಜುಲೈ 3, ಗುರುವಾರ

ಕೆಂಪಮ್ಮನ ಗ್ಯಾಸ್ ಕನೆಕ್ಷನ್ನು ನಾನು ಶಾಲೆಯಲ್ಲಿ ಬರೆದ ಹೆಸರಿನಲ್ಲೇ ಇದೆಯಂತೆ. ಹೋದ ತಿಂಗಳು ಸಿಲಿಂಡರಿನವನು ಬಾಗಿಲಿಗೆ ಬಂದು "ವಿಮೋಚನಾ ಮನೆ ಇದೇನಾ" ಎಂದನಂತೆ. "ಅಂಗಂತ ಯಾರೂ ಇಲ್ಲ ಕಣಪ್ಪ ಅಂತ ಕಳಿಸ್ಬುಟ್ಟೆ ಮೇಡಂ. ಎರಡು ದಿನ ಸೌದೆ ಒಲೆ ಊದಿದ್ಮೇಲೆ ಗ್ಯಾನ ಬಂತು, ಅದು ನಾನೇ ಅಂತ."

ಆಗ ಏನು ಹೆಸರು ಬೇಕಿತ್ತು ನಿನಗೆ ಎಂದು ಕೇಳಿದೆ.

"ಆಗ ಕೇಳಿದ್ರೆ ಹೇಳ್ತಿದ್ದೆ. ಆರು ವರ್ಸದವಳು, ರಾಣಿ ಅಂತಿದ್ದೆ."

ರಾಣಿ ಊಳಿಗಮಾನ್ಯ ಹೆಸರು. ನಾನು ಬರೆಯುತ್ತಿರಲಿಲ್ಲ. ಕೇಳಬಹುದಿತ್ತು.

ಜುಲೈ 7, ಸೋಮವಾರ

ಕರಪತ್ರದ ಅಂಟು ಬಿಟ್ಟು ಕೆಳಗೆ ಬಿದ್ದಿತ್ತು. ಮತ್ತೆ ಅಂಟಿಸಬೇಕು. ಟೇಪು ಸಿಗಲಿಲ್ಲ.

ಪ್ರದ್ಯುಮ್ನ ಎರಡು ವಾರದಿಂದ ತನ್ನ ಕಾಫಿ ತಾನೇ ಮಾಡಿಕೊಳ್ಳುತ್ತಿದ್ದಾನೆ, ನನಗೂ ಒಂದು ಲೋಟ ಇಡುತ್ತಾನೆ. ಡಿಕಾಕ್ಷನ್ನು ಚೆನ್ನಾಗಿರುತ್ತದೆ. ಇದು ಹೋರಾಟ ಒಡೆಯುವ ತಂತ್ರ ಎಂದು ಗೊತ್ತಿದ್ದೇ ಕುಡಿಯುತ್ತಿದ್ದೇನೆ.

ಜುಲೈ 16, ಬುಧವಾರ

ಇವತ್ತು ನೇರ ಕಾರ್ಯಾಚರಣೆ. ಮಗಳ ಹೆಸರಿನಲ್ಲಿ ಗಂಡ ಮಾಡಿದ್ದನ್ನೇ ನಾನು ಮೊಮ್ಮಗಳ ಹೆಸರಿನಲ್ಲಿ ಮಾಡಿದರೆ ತಪ್ಪೇನು? ಫೈಲಿನಿಂದ ಜನನ ನೋಂದಣಿಯ ಕಾಗದ ತೆಗೆದುಕೊಂಡು, ಸೊಪ್ಪು ತರುತ್ತೇನೆಂದು ಹೇಳಿ, ಪಾಲಿಕೆಯ ಕಚೇರಿಗೆ ಹೋದೆ. ಹೆಸರು ಸೇರಿಸುವ ಅರ್ಜಿಯಲ್ಲಿ ದುಂಡಗೆ ‘ಸಮತಾ’ ಎಂದು ತುಂಬಿದೆ.

ಕೌಂಟರಿನಲ್ಲಿದ್ದ ಹೆಣ್ಣುಮಗಳು ನಯವಾಗಿಯೇ ಮಾತಾಡಿದಳು. "ಅಪ್ಪ ಅಮ್ಮನ ಸಹಿ ಬೇಕು ಅಜ್ಜಿ. ಆಧಾರ್ ಕೂಡ."

"ನಾನು ಅಜ್ಜಿ. ನಿವೃತ್ತ ಹೆಡ್‌ಮಿಸ್."

"ಇರಬಹುದು ಅಜ್ಜಿ. ಸಹಿ ಅವರದ್ದೇ ಬೇಕು." ಅರ್ಜಿಯನ್ನು ಹಿಂದಕ್ಕೆ ತಳ್ಳುತ್ತಾ, ಸುಮ್ಮನೆ ಮಾತಿಗೆ ಕೇಳಿದಳು: "ಪಾಪು ಹುಷಾರಾಗಿದೆಯಾ?"

"ನಂಜಿಗೇನು, ಗುಂಡುಕಲ್ಲಿನ ಹಾಗಿದ್ದಾಳೆ."

ಅವಳು ಅರ್ಜಿ ನೋಡಿದಳು, ನನ್ನನ್ನು ನೋಡಿದಳು. "ಮತ್ತೆ ಇದ್ಯಾರು ಅಜ್ಜಿ, ಸಮತಾ?"

ಆ ಕಚೇರಿಯಲ್ಲಿ ಸೆಕೆ ವಿಪರೀತ. ಮನುಷ್ಯರ ಬಾಯಿಂದ ಏನು ಬರುತ್ತದೆಂದು ಹೇಳಲಾಗದು.

ಮನೆಗೆ ಬಂದರೆ ಸೊಪ್ಪು ಎಲ್ಲಿ ಎಂದು ಕೇಳಿದರು.

ಜುಲೈ 26, ಶನಿವಾರ

ಗೆಲುವು.

ಆಷಾಢ ಕಳೆಯಿತು, ಆಗಸ್ಟ್ ಮೂರಕ್ಕೆ ನಾಮಕರಣ. ಬೆಳಿಗ್ಗೆ ದಿವ್ಯ ಮಗುವನ್ನು ಹೆಗಲಿಗೆ ಹಾಕಿಕೊಂಡು ನನ್ನ ಪಕ್ಕ ಕುಳಿತಳು. ಫೈಲಿನಲ್ಲಿ ನಾನು ಮರೆತಿಟ್ಟಿದ್ದ ಸಮತಾ ಅರ್ಜಿ ಅವಳ ಕೈಯಲ್ಲಿತ್ತು. ಜಗಳಕ್ಕೆ ಸಿದ್ಧಳಾಗಿ ಬೆನ್ನು ನೆಟ್ಟಗೆ ಮಾಡಿಕೊಂಡೆ.

"ಅಮ್ಮ, ನಿನಗೆ ನೋವಾಗುತ್ತೆ ಅಂದ್ರೆ ಬೇಡ. ನಿನ್ನ ಮೇಲಿನ ಪ್ರೀತಿಗೆ ಇಡೋಣ ಅಂದ್ಕೊಂಡ್ವಿ, ಫ್ಯಾಷನ್ನಿಗಲ್ಲ. ಸಮತಾ ಅಂತಲೇ ಇಡೋಣ. ಪ್ರದ್ಯುಮ್ನನೂ ಒಪ್ಪಿದಾನೆ. ಅಕ್ಕಿಯಲ್ಲಿ ನೀನೇ ಬರಿ, ನಿನ್ನ ಅಕ್ಷರ ಚೆನ್ನಾಗಿದೆ."

ಬೇಷರತ್ ಶರಣಾಗತಿ. ನಲವತ್ತಾರು ದಿನದ ಹೋರಾಟ. ಪಟೇಲರದಕ್ಕಿಂತ ದೊಡ್ಡದು.

ಉಪ್ಪಿಟ್ಟು ತಳ ಹಿಡಿಯಿತು. ಬಿಸಾಕಿದೆ.

ಜುಲೈ 28, ಸೋಮವಾರ

ನೀರು ಹಾಕುವಾಗ ಕೆಂಪಮ್ಮ ಇವತ್ತು ಮಗುವನ್ನು "ಸಮುತ" ಎಂದಳು. ನಾನೇ ಹೇಳಿಕೊಟ್ಟಿದ್ದೆ. ಮಗು ಅಳುತ್ತಲೇ ಇತ್ತು. ಕಿವಿಗೆ ನೀರು ಹೋಗಿರಬೇಕು.

ಆಗಸ್ಟ್ 3, ಭಾನುವಾರ

ನಡೆದದ್ದನ್ನು ವರದಿಯಂತೆ ಬರೆಯುತ್ತೇನೆ.

ದಟ್ಟಗಳ್ಳಿಯ ನಮ್ಮ ಮನೆಯ ಹಾಲಿನಲ್ಲಿ ಮೂವತ್ತು ಜನ. ಸರಸ್ವತಿಪುರಂ ಕಡೆಯ ಪುರೋಹಿತರು ಒಬ್ಬರು. ಪುರೋಹಿತರೊಂದಿಗೆ ಒಂದೇ ಚಾಪೆಯಲ್ಲಿ ಕೂರುವುದಿಲ್ಲವೆಂಬ ನನ್ನ ಪ್ರತಿಜ್ಞೆಗೆ ಭಂಗ ಬಾರದಂತೆ ಗಂಡ ನನಗೆ ಬೇರೆ ಚಾಪೆ ಹಾಕಿದ್ದರು. ಕೆಂಪಮ್ಮ ಹಸಿರು ರೇಷ್ಮೆಯುಟ್ಟು ಬಂದು ನನ್ನ ಹಿಂದೆಯೇ ಕುಳಿತಳು.

ತಟ್ಟೆಯಲ್ಲಿ ಅಕ್ಕಿ ಹರಡಿ, ದಿವ್ಯಳ ಉಂಗುರವನ್ನು ನನ್ನ ಕೈಗೆ ಕೊಟ್ಟರು. "ಬರೀರಿ ತಾಯಿ" ಎಂದರು ಪುರೋಹಿತರು.

ಬರೆಯಲಿಲ್ಲ. ಬರೆಯುವ ಮೊದಲು ಯಾರನ್ನಾದರೂ ಕೇಳಬೇಕು ಅನ್ನಿಸಿತು. ಕೇಳಬೇಕಾದವಳು ದಿವ್ಯಳ ತೊಡೆಯ ಮೇಲೆ ಫ್ಯಾನು ನೋಡುತ್ತಾ ಮಲಗಿದ್ದಳು. ನಿವೃತ್ತಿಯಾದರೂ ಗಂಟಲು ಹೋಗಿಲ್ಲ. ಹಾಜರಿ ಕೂಗಿದೆ.

"ವಾಗ್ದೇವಿ."

ಚಂದ್ರಮತಿಯವರು ತಲೆ ಎತ್ತಿದರು. ಮಗು ಎತ್ತಲಿಲ್ಲ.

"ಸಮತಾ."

ಆಕಳಿಸಿತು.

ಎರಡೂವರೆ ತಿಂಗಳ ಮಗುವಿಗೆ ಹೆಸರು ತಿಳಿಯುವುದಿಲ್ಲ, ಅಷ್ಟು ನನಗೂ ಗೊತ್ತು. ಆದರೆ ಮನೆಯಲ್ಲಿ ದಿನಾ ಕರೆಯುವ ಹೆಸರನ್ನು ಕೂಗದೆ ಗೈರುಹಾಜರಿ ಹಾಕುವ ತಪ್ಪನ್ನು ಎರಡು ಸಲ ಮಾಡಲಾರೆ.

"ನಂಜೀ."

ಮಗು ಫ್ಯಾನು ಬಿಟ್ಟು ಈ ಕಡೆ ನೋಡಿತು. ನನ್ನನ್ನೋ, ಉಂಗುರದ ಹೊಳಪನ್ನೋ. ಹಿಂದಿನಿಂದ ಕೆಂಪಮ್ಮ ಎಲ್ಲರಿಗೂ ಕೇಳುವಂತೆ, "ಹಾಜರ್ ಮೇಡಂ" ಎಂದಳು.

ಬರೆದೆ. ದಿವ್ಯ ನನ್ನ ತೋಳು ಹಿಡಿದುಕೊಂಡಳು. ಪ್ರದ್ಯುಮ್ನ ಫೋಟೋ ತೆಗೆಯುವುದನ್ನು ಮರೆತು ನಿಂತಿದ್ದ.

"ಒಂದು ಷರತ್ತು" ಎಂದೆ.

"ಇರ್ತದೆ ಅಂತ ಗೊತ್ತಿತ್ತು" ಎಂದರು ಗಂಡ.

"ಈ ಮಗುವನ್ನ ಎಲ್ಲರೂ ನಂಜಿಯವರು ಅನ್ನಬೇಕು. ಬಹುವಚನ. ಪಟೇಲರ ಮನೆ ತೊಟ್ಟಿಲಿಗೆ ಸಿಕ್ಕಿದ್ದು ಈ ತೊಟ್ಟಿಲಿಗೂ ಸಿಗಬೇಕು. ದೊಡ್ಡವರಾದ ಮೇಲೆ ಬೇರೆ ಹೆಸರು ಬೇಕು ಅಂದರೆ ಅವರೇ ಹೇಳಲಿ, ಬದಲಾಯಿಸೋಣ. ರಾಣಿ ಅಂದರೂ ಸರಿ."

ಜನ ನಕ್ಕರು. ಚಂದ್ರಮತಿಯವರು ನಗಲಿಲ್ಲ. ಅವರ ಮುಖದಲ್ಲಿ ಬೇವಿನ ಕಷಾಯ ಕಂಡೆ, ಎಲ್ಲೋ ನೋಡಿದ ಮುಖ. ಹೋಳಿಗೆ ಬಡಿಸುವ ಹೊತ್ತಿಗೆ ಮಗು ಅಳತೊಡಗಿತು. ದಿವ್ಯ ಊಟಕ್ಕೆ ಕುಳಿತಿದ್ದಳು. ಚಂದ್ರಮತಿಯವರು ಎದ್ದು ಹೋಗಿ ತೊಟ್ಟಿಲಿನಿಂದ ಎತ್ತಿಕೊಂಡರು. ಭುಜ ತಟ್ಟಿದರು. ಸುಮ್ಮನಾಗಲಿಲ್ಲ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಅತ್ತಿತ್ತ ನೋಡಿ, ಮಗುವಿನ ಕಿವಿಯ ಹತ್ತಿರ ಬಾಗಿದರು.

"ಅಳಬೇಡಿ ನಂಜಿಯವರೇ. ಅಮ್ಮ ಬರ್ತಾಳೆ."

ನಾನು ಕಂಬದ ಹಿಂದಿದ್ದೆ. ಗಡಿಯಾರ ನೋಡಿದೆ. ಪಟೇಲರಿಗೆ ಹನ್ನೊಂದು ದಿನ ಹಿಡಿದಿತ್ತು. ಚಂದ್ರಮತಿಯವರಿಗೆ ಒಂದೂವರೆ ಗಂಟೆ.

ಸಂಜೆ ನೆಂಟರೆಲ್ಲ ಹೋದ ಮೇಲೆ ಇದನ್ನು ಬರೆಯುತ್ತಾ ಕುಳಿತಿದ್ದೇನೆ. ಈಗಷ್ಟೇ ಮಹದೇವಯ್ಯನವರು ಅಡುಗೆಮನೆಯಿಂದ "ನಂಜೀ, ಕಾಫಿ ಆಗದೆ" ಎಂದು ಕೂಗಿದರು. ಮಗುವಿಗೆ ಕಾಫಿ ಇಲ್ಲ. ಷರತ್ತಿನ ಮೊದಲ ದಿನವೇ ಏಕವಚನ. ಎರಡೂ ತಪ್ಪನ್ನು ಎತ್ತಿ ತೋರಿಸಿ ಗದರಬೇಕೆಂದು ಬಾಯಿ ತೆರೆದೆ.

"ಬಂದೆ" ಎಂದೆ.